ಮೊದಲ ಬಂಡಿ ನಿಂತ ಮೂಲೆ

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡಿದೆ. ಮೊಣಕಾಲು ನೋವು, ಕಣ್ಣಿನ ಆಪರೇಷನ್, ಮೊಮ್ಮಗಳ ಮದುವೆ. ನೆವಕ್ಕೇನು ಕಡಿಮೆ.

ತೊಂಬತ್ತರ ದಶಕದ ಕೊನೆ. ತಮ್ಮನ ಹೆಂಡತಿ ಕೊಟ್ಟೂರಿನಲ್ಲಿ ಕಾಲೇಜು ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ನಮ್ಮೂರ ಕೆರೆಯ ತೂಬಿನ ಹತ್ತಿರ ಮಳೆಗಾಲದಲ್ಲಿ ಒಂದು ಗಿಡ ನೀರಿನ ಮೇಲೆ ಉದ್ದನೆಯ ಎಲೆ ಹಾಸಿ, ಎರಡು ಕವಲಿನ ಬಿಳಿ ತೆನೆ ಎತ್ತುತ್ತಿತ್ತು. ನಮಗೆ ಅದು ಕಸ. ಅವಳು ಅದನ್ನು ಪೇಪರಿನ ನಡುವೆ ಒತ್ತಿ ಒಣಗಿಸಿ, ಧಾರವಾಡದ ಬಲ್ಲವರಿಗೆ ತೋರಿಸಿ ಬಂದಳು. ಬಯಲುಸೀಮೆಯಲ್ಲಿ ಇದನ್ನು ಬೇರೆಲ್ಲೂ ಅವರು ಕಂಡಿರಲಿಲ್ಲವಂತೆ. ಬೇಸಿಗೆಯಲ್ಲಿ ಗಿಡ ಸತ್ತರೂ ಗಡ್ಡೆ ಮಣ್ಣಿನಡಿ ಬದುಕಿರುತ್ತದೆ ಎಂದಳು. ಕೆರೆ ಒಣಗಿದ ಕೂಡಲೇ ಆ ಮೂಲೆಗೆ ಜಾಲಿಮುಳ್ಳಿನ ಬೇಲಿ ಹಾಕಿಸಿದಳು. ನನ್ನನ್ನು ಕೇಳಲಿಲ್ಲ. ಅದೇ ನನ್ನ ಉರಿ.

ಕೆರೆಯ ಗೋಡು, ಅಂದರೆ ಹೂಳುಮಣ್ಣು, ಹೊಲಕ್ಕೆ ಹೊಡೆಯುವಾಗ ಮೊದಲ ಬಂಡಿ ನಮ್ಮ ಮನೆಯದು. ಅದು ನಿಂತಲ್ಲಿಂದಲೇ ಊರವರು ಅಗೆಯಬೇಕು. ಆ ವರ್ಷ ಪೂಜೆ ಮುಗಿಸಿ ನಾನು ಎತ್ತುಗಳನ್ನು ನೇರ ಬೇಲಿಯತ್ತ ತಿರುಗಿಸಿದೆ. ಅವಳು ಓಡಿ ಬಂದಳು.

"ಭಾವಾರ, ಇದೊಂದು ಮೂಲಿ ಬಿಡ್ರಿ. ಇಷ್ಟು ದೊಡ್ಡ ಕೆರಿ ಐತಲ್ಲ."

"ಕಸಕ್ಕ ಬೇಲಿ ಹಾಕ್ಯಾಳ ನೋಡ್ರಲೇ! ನಾಳಿ ಕಪ್ಪೀಗೆ ತೊಟ್ಲ ಕಟ್ತಾಳ, ಕಸದ ಮೇಡಮ್ಮ!"

ನನ್ನ ಮಾತಿಗೆ ಜನ ನಕ್ಕರು.

"ಇಲ್ಲಿ ಹೋದ್ರ ಮತ್ತ ಬರಂಗಿಲ್ರಿ ಅದು."

"ಹೋಗ್ಲಿ! ಈ ಗಿಡದ ಸಲುವಾಗಿ ಆಫೀಸರು ಬಂದು ಕೆರೀಗೆ ಬೀಗ ಜಡದ್ರ ಹೊಲಕ್ಕ ಗೋಡು ನಿಮ್ಮಪ್ಪ ತರ್ತಾನೇನು?"

ಅವಳ ಅಪ್ಪ ತೀರಿಕೊಂಡು ತಿಂಗಳಾಗಿರಲಿಲ್ಲ. ತಮ್ಮ ತಲೆ ತಗ್ಗಿಸಿ ನಿಂತಿದ್ದ. ಬೇಲಿ ಕಿತ್ತು ಊರವರು ಅಗೆಯತೊಡಗಿದರು. ಅವಳು ಕುಕ್ಕರಗಾಲಲ್ಲಿ ಕೂತು, ಅಗೆದ ಮಣ್ಣಿನಿಂದ ಗಡ್ಡೆಗಳನ್ನು ಸೆರಗಿಗೆ ಆರಿಸಿಕೊಳ್ಳತೊಡಗಿದಳು.

"ಊರ ಕೆರಿ ಅದು. ಚೆಲ್ಲು ಇಲ್ಲೇ," ಎಂದೆ.

ಚೆಲ್ಲಿದಳು.

ಹೊಲದಲ್ಲಿ ಗೋಡು ಹರಡುವಾಗ ಮಣ್ಣಿನ ಹೆಂಟೆ ಒಡೆದಲ್ಲೆಲ್ಲ ಆ ಗಡ್ಡೆಗಳು ಕಂಡವು, ಕಡಲೆಕಾಯಿಯಷ್ಟು ದಪ್ಪ. ಒಂದನ್ನು ಉಗುರಿನಿಂದ ಗೀರಿದೆ. ಒಳಗೆ ಬೆಳ್ಳಗೆ, ಹಸಿಯಾಗಿತ್ತು. ಒಂದು ಬುಟ್ಟಿ ಆರಿಸಿ ಅವಳಿಗೆ ಕೊಟ್ಟಿದ್ದರೆ ಸಾಕಿತ್ತು. ಬಿಸಿಲಿಗೆ ಬಿಟ್ಟು, ಆಮೇಲೆ ಕುಂಟೆ ಹೊಡೆದೆ.

ಆ ಮಳೆಗಾಲ ಕೆರೆ ತುಂಬಿತು. ಬಿಳಿ ತೆನೆ ಏಳಲಿಲ್ಲ. ಅವಳು ಏರಿಯ ಮೇಲೆ ಬಂದು ನಿಂತು ನೋಡಿ ಹೋಗುತ್ತಿದ್ದಳು; ಆಮೇಲೆ ಬರುವುದನ್ನೂ ಬಿಟ್ಟಳು. ಈಗ ಮಳೆಗಾಲದಲ್ಲಿ ಹೋಗಿ ನಿಲ್ಲುವವನು ನಾನು. ಊರಿನವರು ನಾನಿಟ್ಟ ಅಡ್ಡಹೆಸರನ್ನು ಮಾತ್ರ ಮರೆತಿಲ್ಲ. ಅವಳು ಹಬ್ಬಕ್ಕೆ ಬಂದರೆ ನನ್ನ ಎಲೆಗೂ ಬಡಿಸುತ್ತಾಳೆ, ಮುಖ ನೋಡುವುದಿಲ್ಲ. ತಪ್ಪಾಯಿತು ಎಂಬ ಮಾತನ್ನು ನಾನು ಇಂದಿಗೂ ಆಡದೆ ಉಳಿಸಿಕೊಂಡಿರುವುದು ಅವಳ ಮುಂದೆ, ನನ್ನ ತಮ್ಮನ ಹೆಂಡತಿಯ ಮುಂದೆ.