ಮಾನಿಟರ್ ಬೇಡವೆಂದ ಆಪರೇಟರ್ ಕಾಕಾ

ಕೊಪ್ಪಳದ ನನ್ನ ಅಂಗಡಿಗೆ ಹಳೆಯ ಕಂಪ್ಯೂಟರ್ ಕೊಳ್ಳಲು ಬಂದವರೆಲ್ಲ ಮೊದಲು ನೋಡುವುದು ಮಾನಿಟರ್ ಎಷ್ಟು ದೊಡ್ಡದಿದೆ ಎಂದು. ಮಾನಿಟರ್ ಬೇಡ, ಅದರ ಬೆಲೆ ಮುರಿದು ಉಳಿದದ್ದನ್ನು ಕಟ್ಟಿಕೊಡು ಎಂದವರು ಗವಿಸಿದ್ದಪ್ಪ ಒಬ್ಬರೇ. ನಾನೂ ಸುಲಭಕ್ಕೆ ಬಿಡುವ ಆಸಾಮಿಯಲ್ಲ. ಬಿಡಿಬಿಡಿಯಾಗಿ ಮಾರಿದರೆ ನನಗೆ ಗಿಟ್ಟುವುದಿಲ್ಲ, ಮನೆಗೆ ಬಂದವರಾದರೂ ನೋಡಲಿ, ಇರಲಿ ಬಿಡಿ ಎಂದು ಒತ್ತಾಯಿಸಿದೆ. ಅವರು ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕೀಬೋರ್ಡಿನ ಗುಂಡಿಗಳನ್ನು ಒಂದೊಂದಾಗಿ ಒತ್ತಿ ಪರೀಕ್ಷಿಸುತ್ತ, "ಕುರುಡಗ ಕನ್ನಡಿ ಮಾರಾಕ ನಿಂತೀಯಲ್ಲೋ ಸಾವ್ಕಾರ. ಮನಿಗೆ ಬಂದವರು ನೋಡಬೇಕಂದ್ರ ನನ್ನ ಮಾರಿ ಐತಿ, ನೋಡ್ತಾರ," ಎಂದರು. ವ್ಯಾಪಾರದಲ್ಲಿ ನಾನು ಸೋತದ್ದು ಕಡಿಮೆ. ಅವತ್ತು ಸೋತೆ.

ಗಿಣಿಗೇರಾದ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಅವರು ಟೆಲಿಫೋನ್ ಆಪರೇಟರ್ ಆಗಿದ್ದವರು. ಹುಟ್ಟಿನಿಂದ ಕಣ್ಣಿಲ್ಲ. ಹೆಂಡತಿ ತೀರಿಕೊಂಡ ಮೇಲೆ ತಮ್ಮ ಶರಣಪ್ಪನ ಮನೆಯಲ್ಲಿದ್ದರು. ಇಡೀ ಓಣಿಗೆ ಆಪರೇಟರ್ ಕಾಕಾ. ನಿವೃತ್ತರಾದ ಮೇಲೂ ಬಾಗಿಲು ಬಡಿದರೆ ಒಳಗಿನಿಂದ "ಹೇಳ್ರಿ, ಯಾರು ಬೇಕು?" ಅನ್ನುವರು. ಎದುರಿನವರ ಮಾತು ಬೇಸರ ತಂದರೆ "ಲೈನ್ ಬಿಡ್ರಿ" ಎಂದು ಎದ್ದುಹೋಗುವರು. ಕೇಳದೆ ರಟ್ಟೆ ಹಿಡಿದು ರಸ್ತೆ ದಾಟಿಸಲು ಬಂದ ಒಬ್ಬನನ್ನು ನಡುರಸ್ತೆಯಲ್ಲೇ ನಿಲ್ಲಿಸಿ ಬೈದದ್ದನ್ನು ನಾನೇ ಕಂಡಿದ್ದೇನೆ. ಎರಡೂ ಕಡೆಯ ಆಟೋಗಳು ನಿಂತು ಕೇಳಿದವು.

ಅವರು ಮನಸಾರೆ ಹಿಡಿದ ಕೈ ಒಂದೇ. ಅದು ಅದೇ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದ ಖಾಜಾಸಾಬರದು. ಬಸ್ಸಿನಿಂದ ಗೇಟಿಗೆ, ಗೇಟಿನಿಂದ ಟೆಲಿಫೋನ್ ಬೋರ್ಡಿಗೆ, ಕೆಲಸ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೆ ಖಾಜಾಸಾಬರೇ ಕರೆದೊಯ್ದಿದ್ದರು. ಆಮೇಲೆ ಅವರು ತಮ್ಮೂರು ಗಂಗಾವತಿಗೆ ಹೋದರು. ಹಬ್ಬಗಳಿಗೆ ಫೋನು ಇದ್ದೇ ಇತ್ತು. ಆ ವರ್ಷ ರಂಜಾನಿಗೆ ಕಾಕಾ ಫೋನ್ ಮಾಡಿದರೆ ಎತ್ತಿದ್ದು ಮಗಳು. ಅಬ್ಬಾ ತೀರಿಕೊಂಡು ಮೂರು ತಿಂಗಳಾಯಿತು, ಪೇಪರಿನಲ್ಲೂ ಬಂದಿತ್ತಲ್ಲ ಕಾಕಾ ಎಂದಳಂತೆ.

ಪೇಪರನ್ನು ದಿನಾ ಬೆಳಿಗ್ಗೆ ಅಣ್ಣನಿಗೆ ಓದಿಹೇಳುತ್ತಿದ್ದವನು ಶರಣಪ್ಪ. ಕಾಕಾ ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳಿದ: ಓದಿದ್ದರೆ ನೀನು ಹೊರಟು ನಿಲ್ಲುತ್ತಿದ್ದಿ, ಅಷ್ಟು ದೂರ ಯಾರು ಕರೆದುಕೊಂಡು ಹೋಗುವವರು, ಮನಸ್ಸಿಗೆ ನೋವು ಬೇರೆ, ಅದಕ್ಕೇ ಬಿಟ್ಟೆ.

"ಇಷ್ಟು ವರ್ಷ ಪೇಪರ್ ಕೇಳೀನಿ ಅಂತ ತಿಳಕೊಂಡಿದ್ದೆ," ಎಂದರು ಕಾಕಾ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು. "ಅಂವ ಸೋಸಿ ಸೋಸಿ ಕುಡಿಸ್ಯಾನ. ಇನ್ನ ಏನೇನ ಬಿಟ್ಟಾನೋ." ಕಂಪ್ಯೂಟರ್ ಬೇಕಾದದ್ದು ಅದಕ್ಕೆ. ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿ, ತೆರೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ಸ್ಕ್ರೀನ್ ರೀಡರ್ ತುಂಬಿಸಿ, ಯಾರ ಬಾಯಿಯ ಹಂಗೂ ಇಲ್ಲದೆ ಪೇಪರನ್ನು ತಾವೇ ಓದಬೇಕು. ಖಾಜಾಸಾಬರ ಸುದ್ದಿಯಿಂದಲೇ ಶುರು ಮಾಡಬೇಕು.

ಬ್ರಾಡ್‌ಬ್ಯಾಂಡ್ ಹಾಕಲು ಬಂದವನು ಹೆಲ್ಮೆಟ್ ಕೂಡ ತೆಗೆಯದೆ ಒಳಗೆ ಬಂದ. ಕಾಕಾ ಎರಡು ಮೊಳ ದೂರದಲ್ಲಿ ಕುಳಿತಿದ್ದರೂ ಇವರ ಹೆಸರೇನು, ಇವರಿಗೆ ಇಂಟರ್ನೆಟ್ ಯಾಕೆ ಎಂದು ನನ್ನನ್ನು ಕೇಳಿದ. ತಂತಿ ಎಳೆದ, ರೂಟರನ್ನು ಸೂರಿಗೆ ತಾಗುವಂತೆ ಬಡಿದ, ಆಮೇಲೆ ಮಾನಿಟರ್ ಎಲ್ಲಿ ಎಂದ. ತೆರೆಯ ಮೇಲೆ ವೇಗ ತೋರಿಸಿ, ಪಕ್ಕದಲ್ಲಿ ಗ್ರಾಹಕರನ್ನು ಕೂರಿಸಿ ಫೋಟೋ ಕಳಿಸದಿದ್ದರೆ ಕಂಪನಿ ಲೈನು ಚಾಲೂ ಮಾಡುವುದಿಲ್ಲವಂತೆ. ನಾನು ಅಂಗಡಿಗೆ ಓಡಿ ಒಂದು ಮಾನಿಟರ್ ಹೊತ್ತು ತಂದೆ. ಅವನು ಮೊಬೈಲು ಎತ್ತಿ, ಈ ಕಡೆ ನೋಡಿ ನಗಲು ಹೇಳ್ರಿ ಅವರಿಗೆ ಎಂದು ಮತ್ತೆ ನನಗೇ ಹೇಳಿದ.

"ಫೋಟೋಕ್ಕ ನನ್ನ ಮಾರಿ ಬೇಕು, ಮಾತಿಗೆ ಇವನ ಮಾರಿ ಬೇಕೇನ್ ನಿನಗ?" ಎಂದರು ಕಾಕಾ. ನಗಲಿಲ್ಲ.

ಮೂರನೆಯ ದಿನ ಲೈನು ನಿಂತಿತು. ಕಂಪನಿಗೆ ಫೋನ್ ಮಾಡಿದರೆ ರೂಟರಿನ ಲೈಟು ಕೆಂಪಗಿದೆಯೋ ಹಸಿರಾಗಿದೆಯೋ ಎಂಬುದೇ ಪ್ರಶ್ನೆ. "ನನಗ ಕಾಣಂಗಿಲ್ಲವಾ ತಂಗಿ ಅಂದೆ. ಹಂಗಾರ ಕಾಣೋರ ಕೈಯಾಗ ಫೋನ್ ಕೊಡ್ರಿ ಅಂದ್ಲು," ಎಂದು ಕಾಕಾ ಹೇಳಿದಾಗ, ಅಷ್ಟು ಹೊತ್ತು ಫೋನನ್ನು ತನ್ನ ಕೈಗೆ ಕೊಡು ಎನ್ನುತ್ತ ಪಕ್ಕದಲ್ಲೇ ನಿಂತಿದ್ದ ಶರಣಪ್ಪ ಮೀಸೆ ತಿರುವಿಕೊಂಡ. ನನಗೆ ಅಸಹ್ಯವೆನಿಸಿತು. ಸ್ಟೂಲು ಹತ್ತಿ ರೂಟರಿನ ಸ್ವಿಚ್ಚು ಆರಿಸಿ ಹಚ್ಚಿದೆ, ಲೈನು ಬಂತು. ಕಣ್ಣಿಲ್ಲದವರ ಮನೆಯಲ್ಲಿ ಸಂಪರ್ಕ ಹಾಕಿಸುವವರಿಗೆ ನನ್ನದೊಂದು ಮಾತು: ರೂಟರನ್ನು ಕೈಗೆಟಕುವಲ್ಲಿ ಇಡಿಸಿ, ಅದರ ಸ್ವಿಚ್ಚನ್ನು ಅವರ ಬೆರಳಿಗೆ ಪರಿಚಯ ಮಾಡಿಸಿ, ಪಾಸ್‌ವರ್ಡನ್ನು ಅವರ ಕಿವಿಗೆ ಹೇಳಿ, ತಮ್ಮನ ಕಿವಿಗಲ್ಲ. ನಾನು ಇದನ್ನೆಲ್ಲ ಕಲಿತದ್ದು ಮಾಡಬಾರದ್ದನ್ನು ಮಾಡಿದ ಮೇಲೆ.

ಮಾಡಬಾರದ್ದರಲ್ಲಿ ನನ್ನ ಪಾಲೂ ಇತ್ತು. ಮಾರುವ ಪ್ರತಿ ಕಂಪ್ಯೂಟರಿಗೂ ನಾನು ಒಂದು ಪುಕ್ಕಟೆ ಬ್ರೌಸರ್ ತುಂಬಿ ಕೊಡುತ್ತಿದ್ದೆ. ತುಂಬಿದ್ದಕ್ಕೆ ಅದರ ಕಂಪನಿಯವರು ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದರು. ಅದರ ತುಂಬ ಜಾಹೀರಾತು. ಕಣ್ಣಿದ್ದವರು ನೋಡಿಯೂ ನೋಡದಂತೆ ದಾಟುತ್ತಾರೆ, ಓದುವ ಯಂತ್ರ ದಾಟುವುದಿಲ್ಲ. ಕೂದಲು ಉದುರುತ್ತಿದೆಯೇ, ಬಟನ್. ಬೊಜ್ಜು ಕರಗಿಸಿ, ಬಟನ್. ಮುಚ್ಚಿ, ಬಟನ್. ಮುಚ್ಚಲು ಒತ್ತಿದರೆ ಇನ್ನೊಂದು ತೆರೆದುಕೊಳ್ಳುತ್ತಿತ್ತು. ಇಂಟರ್ನೆಟ್ ಅಂದರೆ ಇದೇ ಇರಬೇಕೆಂದು ಕಾಕಾ ಎರಡು ದಿನ ತಾಳ್ಮೆಯಿಂದ ಕೇಳಿದ್ದಾರೆ. ಆಮೇಲೆ ನನಗೆ ಫೋನು ಬಂತು.

"ನಮ್ಮ ಶರಣ್ಯಾ ಇದ್ದದ್ದನ್ನ ಬಿಟ್ಟು ಓದಿದ. ನಿನ್ನ ಡಬ್ಬಿ ಇಲ್ಲದ್ದನ್ನೆಲ್ಲ ಓದಾಕತೈತಿ. ಥೂ, ಇಬ್ಬರೊಳಗ ಅಂವನ ವಾಸಿ."

ಹೋಗಿ ಆ ಕೊಳೆಯನ್ನೆಲ್ಲ ತೆಗೆದೆ. ಸಾದಾ ಬ್ರೌಸರ್ ಹಾಕಿದೆ. ಒಂದು ಗುಂಡಿ ಒತ್ತಿದರೆ ತಲೆಬರಹದಿಂದ ತಲೆಬರಹಕ್ಕೆ ಹಾರಬಹುದೆಂದು ತೋರಿಸಿದ್ದೇ ತಡ, ಕಾಕಾ ಹಳೆಯ ಟೆಲಿಫೋನ್ ಬೋರ್ಡಿನ ಮುಂದೆ ಕುಳಿತವರಂತೆ ಬೆನ್ನು ನೆಟ್ಟಗೆ ಮಾಡಿಕೊಂಡರು. ಕುಷ್ಟಗಿಯ ಸುದ್ದಿ, ಯಲಬುರ್ಗಾದ ಸುದ್ದಿ, ಚಿನ್ನದ ಧಾರಣೆ, ಎಲ್ಲದರ ಮೇಲೂ ಹಾರಾಡಿದರು. ನಾನು ಅಷ್ಟು ಹೊತ್ತು ಯಾರ ಮನೆಯಲ್ಲೂ ಸುಮ್ಮನೆ ಕುಳಿತವನಲ್ಲ. ಅಲ್ಲಿ ಕುಳಿತೆ.

ಆದರೆ ಹಳೆಯ ಪೇಪರು ಸಿಗುತ್ತಿದ್ದದ್ದು ಪುಟಗಳ ಫೋಟೋ ರೂಪದಲ್ಲಿ ಮಾತ್ರ. ಖಾಜಾಸಾಬರ ಮಗಳು ಹೇಳಿದ್ದ ತಾರೀಖಿನ ಪುಟ ತೆರೆದರೆ ಯಂತ್ರ "ಚಿತ್ರ" ಎಂದು ಸುಮ್ಮನಾಯಿತು. ಕಾಕಾ ನಾಲ್ಕೈದು ಸಲ ಒತ್ತಿದರು. ಚಿತ್ರ. ಚಿತ್ರ. ಕೊನೆಗೆ ನಾನೇ, ಫೋಟೋಕ್ಕೆಂದು ತಂದು ಅಲ್ಲೇ ಬಿಟ್ಟಿದ್ದ ಮಾನಿಟರ್ ಜೋಡಿಸಿದೆ. "ನೀ ಓದು. ಒಂದಕ್ಷರ ಬಿಡಬ್ಯಾಡ," ಎಂದರು.

ನಿಧನ ವಾರ್ತೆ ಐದೇ ಸಾಲು. ಹೆಸರು ಓದಿದೆ, ವಯಸ್ಸು ಓದಿದೆ, ಪತ್ನಿ ಮತ್ತು ಪುತ್ರಿ ಇದ್ದಾರೆ ಎಂಬುದನ್ನು ಓದಿದೆ. ಕೊನೆಯ ಸಾಲನ್ನು ಕಣ್ಣಲ್ಲೇ ಓದಿಕೊಂಡೆ. ಅಂತ್ಯಕ್ರಿಯೆ ಅದೇ ದಿನ ಸಂಜೆ ಐದಕ್ಕೆ ಗಂಗಾವತಿಯಲ್ಲಿ ಎಂದಿತ್ತು. ಪೇಪರು ಆ ಮನೆಗೆ ಬರುವುದು ಬೆಳಿಗ್ಗೆ ಏಳಕ್ಕೆ.

"ಇಷ್ಟ ಐತ್ರಿ ಕಾಕಾ," ಎಂದೆ.

ಅವರು ನನ್ನ ಕಡೆ ಕಿವಿ ತಿರುಗಿಸಿದರು. "ಮಣ್ಣು ಎಷ್ಟೊತ್ತಿಗೆ ಅಂತ ಕಡೀಗೆ ಬರದ ಬರದಿರ್ತಾರ. ಇಂಥಾವು ಸಾವಿರ ಕೇಳೀನಿ. ಅದನ್ನ ಓದು."

ಓದಿದೆ.

"ಸಂಜಿ ಐದಕ್ಕ," ಎಂದರು. "ಅಷ್ಟರೊಳಗ ನಾ ಎರಡು ಸಲ ಹೋಗಿ ಬರ್ತಿದ್ದೆ." ಕೀಬೋರ್ಡನ್ನು ಬದಿಗೆ ಸರಿಸಿ, "ಲೈನ್ ಬಿಡು," ಎಂದರು. ಮನಸ್ಸಿಗೆ ನೋವಾಗಬಾರದೆಂದು ಬಿಟ್ಟೆ ಅನ್ನಲು ಬಾಯಿ ತೆರೆದಿದ್ದೆ. ಶರಣಪ್ಪನ ಮಾತು ಅದೇ ಆಗಿತ್ತಲ್ಲ. ನನ್ನ ಬಾಯಿಯ ಮೇಲೆ ನನಗೇ ಹೇಸಿಗೆ ಬಂತು.

ಆಮೇಲೆ ಅವರು ನನ್ನನ್ನು ಕರೆಯಲಿಲ್ಲ. ಫೋಟೋದಲ್ಲಿರುವ ಅಕ್ಷರಗಳನ್ನೂ ಓದುವ ತಂತ್ರಾಂಶವೊಂದನ್ನು ಕಣ್ಣಿಲ್ಲದ ಗೆಳೆಯರಿಂದ ಫೋನಿನಲ್ಲೇ ಕೇಳಿ ತಾವೇ ಹಾಕಿಕೊಂಡರೆಂದು ಸುದ್ದಿ ಬಂತು. ಮಾನಿಟರನ್ನು ಶರಣಪ್ಪನ ಕೈಯಲ್ಲಿ ವಾಪಸು ಕಳಿಸಿದರು.

ಕೊನೆಯ ಸಲ ಕಂಡದ್ದು ಬಸ್ ನಿಲ್ದಾಣದಲ್ಲಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಸಿಹಿ ತಿಂಡಿಯ ಪೊಟ್ಟಣ. ಖಾಜಾಸಾಬರ ಮಗಳ ಮನೆಗೆ ಹೊರಟಿದ್ದರು, ಒಬ್ಬರೇ. ನನ್ನ ದನಿ ಗುರುತು ಹಿಡಿದು ಆರಾಮ ಏನಪಾ ಸಾವ್ಕಾರ ಎಂದು ಕೇಳಿದರು. ಸಿಟ್ಟೇನೂ ಇರಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. "ಇದ ಗಂಗಾವತಿ ಬಸ್ ಕಾಕಾ, ಹತ್ರಿ," ಎಂದೆ.

ಅವರು ಹತ್ತಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಕಡೆ ತಿರುಗಿ, ಇದು ಎಲ್ಲಿಗೆ ಹೋಗುವ ಬಸ್ಸವ್ವಾ ಎಂದು ಕೇಳಿದರು. ಆಮೇಲೆ ಬಾಗಿಲಲ್ಲಿದ್ದ ಕಂಡಕ್ಟರನನ್ನು ಕೇಳಿದರು. ಇಬ್ಬರೂ ಗಂಗಾವತಿ ಎಂದ ಮೇಲೆ ಕೋಲು ಮಡಚಿ, ಕಂಬಿ ಹುಡುಕಿ ಹಿಡಿದು, ಮೆಟ್ಟಿಲು ಹತ್ತಿದರು.