ಯಾರೂ ನೀರು ಒಯ್ಯದ ದಿನ

ಮೊನ್ನೆ ಎಳ್ಳ ಅಮಾವಾಸ್ಯೆಯ ದಿನ ನಮ್ಮ ಮೊರಬದಲ್ಲಿ ಯಾರಿಗೂ ಬಾಯಾರಿಕೆ ಆಗಲಿಲ್ಲ. ಕಂಪ್ಯೂಟರ್ ಹೇಳಿದ್ದು ಹಾಗೆ.

ನನ್ನ ಕೆಲಸ ನಿಮಗೆ ಗೊತ್ತು. (ಹೊಸಬರಿಗಾಗಿ ಇನ್ನೊಮ್ಮೆ.) ಸುತ್ತಲಿನ ಊರುಗಳ ಶುದ್ಧ ನೀರಿನ ಘಟಕಗಳಿಂದ ಎಷ್ಟು ನೀರು ಹೋಯಿತೆಂಬ ಮಾಹಿತಿ ಒಂದು ಸರ್ಚ್ ಡೇಟಾಬೇಸಿಗೆ ಬಂದು ಬೀಳುತ್ತದೆ. ಅದರೊಳಗೆ ಒಂದು ಮಷಿನ್ ಲರ್ನಿಂಗ್ ಜಾಬ್ (ತಾನಾಗಿ ಓಡುವ ಪ್ರೋಗ್ರಾಮು ಅನ್ನಿ) ಕೂತು ಊರಿನ ಅಭ್ಯಾಸ ಕಲಿಯುತ್ತದೆ. ಬೆಳಗ್ಗೆ ಇಷ್ಟು ಕೊಡ, ಸಂಜೆ ಇಷ್ಟು. ಅಭ್ಯಾಸ ತಪ್ಪಿದರೆ ಕೆಂಪು ಗುರುತು. ಆ ಜಾಬ್ ಕೆಟ್ಟರೆ ರಿಪೇರಿ ನನ್ನದು, ಮನೆಯಿಂದಲೇ.

ಅಂದು ಎರಡೂ ಆಗಿತ್ತು. ಜಾಬ್ 'ಫೇಲ್' ಎಂದು ನಿಂತಿತ್ತು. ನಿಲ್ಲುವ ಮೊದಲು ನಮ್ಮೂರ ಘಟಕಕ್ಕೆ ಕೆಂಪು ಹಚ್ಚಿತ್ತು. ಇದು ಎರಡನೆಯದು, ಮೊದಲನೆಯದು ಸೀಗಿ ಹುಣ್ಣಿಮೆಗೆ. ಎರಡು ಕೆಂಪಾದರೆ, ಆಫೀಸಿನ ಲೆಕ್ಕದಲ್ಲಿ, ಘಟಕ ನೋಡಿಕೊಳ್ಳುವವರು ಗೈರುಹಾಜರೆಂದೇ ಅರ್ಥ. ಸಂಜೆಯ ವರದಿ ಕಂಡದ್ದೇ ಘಟಕಗಳನ್ನು ನಡೆಸುವ ಹುಬ್ಬಳ್ಳಿ ಆಫೀಸು ಬೇರೆಯವರನ್ನು ಹುಡುಕುತ್ತದೆ. ನೋಡಿಕೊಳ್ಳುವವಳು ನಮ್ಮ ಓಣಿಯ ನೀಲಕ್ಕ.

ಫೋನ್ ಮಾಡಿದೆ.

"ನೀಲಕ್ಕಾ, ಘಟಕ ಬಂದ್ ಇಟ್ಟಿ ಏನಬೇ?"

"ಎಲ್ಲೀ ಬಂದ್ ಲೇ? ಮುಂಜಾನಿಂದ ಬಾಗಲಾ ತಗದು ಕುಂತೀನಿ. ನಿನ್ನಿ ಸಂಜಿನ ಎಲ್ಲಾರೂ ತುಂಬಕೊಂಡಾರ. ಈಗ ಕೊಡಾ ಹಿಡಕೊಂಡ ಬರಾಕ ಊರಾಗ ಯಾರದಾರ? ನಾಯಿ ಸೈತ ಬುತ್ತಿ ಹಿಂದ ಹೊಲಕ್ಕ ಹೋಗ್ಯಾವ."

"ನಿನ್ನ ನೌಕರಿ ಹೊಕ್ಕೈತಿ ನೋಡ ಇದರಾಗ."

"ಮಂದಿಗೆ ನೀರಡಿಕಿ ಹಚ್ಚೂದೂ ನನ್ನ ಕೆಲಸ ಏನ? ಭಾಳ ಶಾಣ್ಯಾ ಐತಿ ಅಂತಿದ್ದಿ ನಿನ್ನ ಮಷೀನ್. ಅಮಾಸಿ ಗೊತ್ತಿಲ್ಲಂತ ಅದಕ್ಕ?"

ಗೊತ್ತಿಲ್ಲ. ಅದಕ್ಕೆ ಗಂಟೆ ಗೊತ್ತು, ವಾರ ಗೊತ್ತು. ಚಂದ್ರನನ್ನು ಯಾರೂ ಪರಿಚಯ ಮಾಡಿಸಿಲ್ಲ.

ಒಂದೊಂದಾಗಿ ನೋಡುತ್ತ ಹೋದೆ. ಮೊದಲು ಎರರ್ ಮೆಸೇಜು. ಸರ್ವರ್ ಅರೆಗಳಿಗೆ ಮಲಗಿ ಎದ್ದಿತ್ತು, ಜಾಬ್ ಮಾತ್ರ ಏಳಲಿಲ್ಲ. ಒತ್ತಾಯದಿಂದ ಮುಚ್ಚಿ ಮತ್ತೆ ತೆರೆದೆ. ಎದ್ದಿತು. ಕೆಂಪು ಹಾಗೇ ಇತ್ತು. ಆಮೇಲೆ ಜಾಬಿನ ಕ್ಯಾಲೆಂಡರ್ ತೆರೆದೆ. ಅದರಲ್ಲಿ ಬರೆದ ದಿನಗಳಂದು ಏನೇ ಆದರೂ ಜಾಬ್ ಗಾಬರಿಯಾಗಬಾರದು. ಆಫೀಸಿನವರು ಬ್ಯಾಂಕ್ ರಜೆಗಳನ್ನೆಲ್ಲ ತುಂಬಿಟ್ಟಿದ್ದರು. (ಬ್ಯಾಂಕಿಗೆ ಬೀಗ ಬಿತ್ತೆಂದು ಯಾರಾದರೂ ನೀರು ಕುಡಿಯುವುದು ಬಿಡುತ್ತಾರೆಯೇ?) ಊರೆಲ್ಲ ಹೊಲಕ್ಕೆ ಹೋಗುವ ಸೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆ ಎರಡನ್ನೂ ಸೇರಿಸಿ, ಹಳೆಯ ಡೇಟಾ ಮೊದಲಿಂದ ಓದಿಕೋ ಎಂದು ಬಿಟ್ಟೆ.

ಅದು ಓದುತ್ತಿರಲಿ. ನಾನು ಹೊಲದ ಹಾದಿ ಹಿಡಿದೆ.

ಎರೆ ಮಣ್ಣಿನ ಮೇಲೆ ಎದೆಯೆತ್ತರದ ಬಿಳಿಜೋಳ. ಗಾಳಿ ಬಂದಾಗ ಇಡೀ ಹೊಲ ನಿದ್ದೆಯಲ್ಲಿ ಮಗ್ಗಲು ಬದಲಿಸಿದಂತಿತ್ತು. ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲುವವರ ಕೂಗು ಒಂದು ಹೊಲದಿಂದ ಎದ್ದು ಮುಂದಿನದರಲ್ಲಿ ಇಳಿಯುತ್ತಿತ್ತು. ಕಡಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿ ಪಲ್ಲೆ. ಉಂಡವರು ಅಲ್ಲಲ್ಲೇ ಒರಗಿದ್ದರು. ಯಾರಿಗೂ ಎಲ್ಲಿಗೂ ಹೋಗುವ ಅವಸರವಿರಲಿಲ್ಲ. ನನಗೂ ಒಂದಿಷ್ಟು ಹೊತ್ತು ಎಣಿಸುವುದೇ ಮರೆತುಹೋಯಿತು.

ಸಂಜೆ ನೀಲಕ್ಕನಿಗೆ ಬುತ್ತಿ ಕೊಟ್ಟು ಮನೆಗೆ ಬಂದರೆ ಎರಡೂ ಕೆಂಪು ಅಳಿಸಿಹೋಗಿದ್ದವು. ವರದಿಯಲ್ಲಿ ಅವಳ ಹೆಸರಿರಲಿಲ್ಲ.

ಹುಬ್ಬಳ್ಳಿಯ ಮ್ಯಾನೇಜರ್ ಫೋನ್ ಮಾಡಿದರು. "ಚಲೋ ಆತ್ರಿ. ಹಿಂಗ ಊರಿಗೆ ಊರ ಖಾಲಿ ಆಗೂ ದಿನಾ ಇನ್ನೆಷ್ಟ ಅದಾವ್ರಿ? ಎಲ್ಲಾ ಹಾಕಿಬಿಡ್ರಿ ಒಮ್ಮೆಲೆ."

ವರ್ಷವನ್ನೆಲ್ಲ ನೆನೆಸಿಕೊಂಡು ಎಣಿಸಿದೆ. ಆ ಎರಡೇ. ಉಳಿದ ಮುನ್ನೂರ ಅರವತ್ತಮೂರು ದಿನ ಅದೇ ಗಂಟೆ, ಅದೇ ಕೊಡ, ಅದೇ ಅವಸರ; ನಮ್ಮ ಅಭ್ಯಾಸ ಒಂಚೂರೂ ತಪ್ಪಿಲ್ಲ.

ನಿಜಕ್ಕೂ ಗಾಬರಿಯಾಗಬೇಕಾದದ್ದು ಯಾವ ದಿನಗಳನ್ನು ಕಂಡು, ನೀವೇ ಹೇಳಿ?