ಮತ್ತೆ ಒಂದರಿಂದ ಶುರುವಾದ ರಾಜಕುಮಾರ

ಇಂದು ರದ್ದಿ ಅಂಗಡಿಯಲ್ಲಿ ಹಳೆಯ ಚಿತ್ರಕಥೆಗಳ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸಿನಲ್ಲೇ ತೇರಗಾಂವದ ನಮ್ಮ ಪಡಸಾಲೆಗೆ ಹೋಗಿಬಿಟ್ಟೆ. ಎದೆರೋಗದಿಂದ ಹಾಸಿಗೆ ಹಿಡಿದಿದ್ದ ಅಕ್ಕ ರಾಜಕುಮಾರನ ಚಿತ್ರಕಥೆಯ ಮೂವತ್ತೆಂಟನೆಯ ಸಂಚಿಕೆಯನ್ನು ದಿಂಬಿನಡಿ ಇಟ್ಟುಕೊಂಡು ಮಲಗಿರುತ್ತಿದ್ದಳು. ಅದರ ಕೊನೆಯ ಪುಟದಲ್ಲಿ ರಾಜಕುಮಾರ ಪಾಳುಬಾವಿಗೆ ಬಿದ್ದಿದ್ದ. ಮುಂದಿನ ಸಂಚಿಕೆ ಬರಲೇ ಇಲ್ಲ. ಅಪ್ಪ ಪ್ರತಿ ಸಂತೆಗೂ ಹಳಿಯಾಳದ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕೇಳಿ, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಬರಿಗೈಯಲ್ಲಿ ಮರಳುತ್ತಿದ್ದ.

ಒಂದು ದಿನ ಓಡುತ್ತಲೇ ಬಂದ. "ಬಂತ ನೋಡವಾ!"

ಮುಖಪುಟದಲ್ಲಿ ಅದೇ ರಾಜಕುಮಾರ. ಆದರೆ ಸಂಚಿಕೆಯ ಸಂಖ್ಯೆ ಒಂದು.

"ಅಪ್ಪಾ, ಇದು ಮೂವತ್ತೊಂಬತ್ತಲ್ಲ," ಎಂದಳು ಅಕ್ಕ.

"ನಡುವ ಬಂದ್ ಆಗಿತ್ತಂತ. ಈಗ ಮತ್ತ ಒಂದರಿಂದ ಸುರು ಮಾಡ್ಯಾರಂತ."

ಅಕ್ಕ ಎಲ್ಲ ಪುಟ ತಿರುವಿದಳು. ರಾಜಕುಮಾರ ಬೇಟೆಗೆ ಹೊರಟಿದ್ದ. ಬಾವಿಯ ಸುದ್ದಿಯೇ ಇರಲಿಲ್ಲ.

"ಹಂಗಾರ ಬಾವ್ಯಾಗ ಬಿದ್ದಾಂವನ್ನ ಯಾರೂ ಎತ್ತಲಿಲ್ಲೇನು?" ಎಂದು ಅಪ್ಪನ ಕೈ ಬಿಗಿಯಾಗಿ ಹಿಡಿದಳು.

ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಆದರೂ ಪುಸ್ತಕ ಇಸಿದುಕೊಂಡು, "ಇಲ್ಲೇ ಬರದಾರ ನೋಡು, ಅವರಪ್ಪ ಹಗ್ಗಾ ಹಿಡಕೊಂಡು ತಾನ ಬಾವ್ಯಾಗ ಇಳದಾನ," ಎಂದು ಓದತೊಡಗಿದ. ಅಕ್ಕ ಕಣ್ಣು ಮುಚ್ಚಿ ಕೇಳಿಸಿಕೊಂಡಳು.

ಎರಡನೆಯ ಸಂಚಿಕೆ ಬಂದಾಗ ಅಕ್ಕ ಇರಲಿಲ್ಲ. ಅಪ್ಪ ಅದನ್ನೂ ಕೊಂಡು ತಂದಿದ್ದ.

ರದ್ದಿ ಅಂಗಡಿಯವನು ಏನು ಬೇಕೆಂದು ಕೇಳಿದ. ನಾನು ಚಿತ್ರಕಥೆಗಳ ರಾಶಿಯಲ್ಲಿ ಆ ಮೂವತ್ತೆಂಟನೆಯ ಸಂಚಿಕೆಯನ್ನು ಹುಡುಕತೊಡಗಿದೆ.